ಅಕ್ಷರ ದೊಡ್ಡದು ಮಾಡಿದರಷ್ಟೇ ಸಾಲದು: ಮಂದದೃಷ್ಟಿಯವರು ವೆಬ್‌ನಲ್ಲಿ ಸಲೀಸಾಗಿ ಹುಡುಕುವ ಬಗೆ

ಕಣ್ಣು ಮಂದವಾದ ಹಿರಿಯರ ಕೈಗೆ ಫೋನ್ ಕೊಡುವ ಮುನ್ನ ಮನೆಯ ಹುಡುಗರು ಮಾಡುವ ಮೊದಲ ಕೆಲಸ, ಅಕ್ಷರದ ಗಾತ್ರವನ್ನು ಕೊನೆಯ ತನಕ ಎಳೆದುಬಿಡುವುದು. ಆಮೇಲೆ ‘ತೊಗರಿ ದರ’ ಎಂದು ಹುಡುಕಿದರೆ ಪರದೆಯ ತುಂಬ ಒಂದು ಜಾಹೀರಾತು, ಅದರ ಕೆಳಗೆ ಅರ್ಧ ಸಾಲು. ಬೇಕಾದ ಉತ್ತರ ಐದಾರು ಪರದೆ ಕೆಳಗೆ ಕೂತಿರುತ್ತದೆ. ಅಕ್ಷರ ಕಾಣುತ್ತದೆ, ಪುಟ ಕಾಣುವುದಿಲ್ಲ.

ಇದರ ಲೆಕ್ಕ ಸರಳ. ಪರದೆಯನ್ನು ಎರಡು ಪಟ್ಟು ಹಿಗ್ಗಿಸಿದರೆ ಒಮ್ಮೆಗೆ ಕಾಣುವುದು ಮೊದಲಿನ ನಾಲ್ಕನೇ ಒಂದು ಭಾಗ. ಮೂರು ಪಟ್ಟಾದರೆ ಒಂಬತ್ತನೇ ಒಂದು. ಹಾಗಾಗಿ ಹಿಗ್ಗಿಸುವುದು ಬೇಕಾದಷ್ಟಕ್ಕೆ ನಿಲ್ಲಬೇಕು. ಉಳಿದ ಶ್ರಮವೆಲ್ಲ ಕಣ್ಣಿನ ಪಾಲಿಗೆ ಬರುವ ಕೆಲಸವನ್ನೇ ಕಡಿಮೆ ಮಾಡುವುದಕ್ಕೆ ಹೋಗಬೇಕು: ಬಾಯಿಂದ ಕೇಳುವುದು, ಸರಿಯಾದ ಪದ ಹಾಕುವುದು, ಫಲಿತಾಂಶವನ್ನು ಸೋಸುವುದು, ಸಿಕ್ಕದ್ದನ್ನು ಕಿವಿಯಿಂದ ಓದುವುದು.

ಮೊದಲು ಕಣ್ಣು ಯಾವ ಬಗೆಯದು ನೋಡಿಕೊಳ್ಳಿ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಕನ್ನಡಕ ಹಾಕಿದ ಮೇಲೂ ಉತ್ತಮ ಕಣ್ಣಿನ ದೃಷ್ಟಿ 6/18ಕ್ಕಿಂತ ಕಡಿಮೆ ಇದ್ದು 3/60ರ ತನಕ ಇದ್ದರೆ ಅದು ಮಂದದೃಷ್ಟಿ. (ಬೇರೆಯವರು 18 ಮೀಟರಿನಿಂದ ಓದುವುದನ್ನು 6 ಮೀಟರಿಗೆ ಬಂದರಷ್ಟೇ ಓದಬಲ್ಲ ಕಣ್ಣು 6/18.) ನೋಟದ ಹರವು 40 ಡಿಗ್ರಿಗಿಂತ ಕಿರಿದಾಗಿ 10 ಡಿಗ್ರಿ ತನಕ ಇದ್ದರೂ ಹಾಗೆಯೇ. ಈ ಎರಡಕ್ಕೂ ಒಂದೇ ಮದ್ದು ನಡೆಯುವುದಿಲ್ಲ.

ನಡುಭಾಗ ಮಸುಕಾದವರಿಗೆ, ಅಂದರೆ ಅಕ್ಷಿಪಟಲದ ಮಧ್ಯಭಾಗ ಸವೆದವರಿಗೆ ಅಥವಾ ಸಕ್ಕರೆ ಕಾಯಿಲೆಯಿಂದ ಅಲ್ಲಿ ಊತ ಬಂದವರಿಗೆ, ದೊಡ್ಡ ಅಕ್ಷರ ನಿಜಕ್ಕೂ ನೆರವಾಗುತ್ತದೆ. ಗ್ಲಾಕೋಮಾ ಅಥವಾ ಇರುಳುಗುರುಡಿನಿಂದ ಶುರುವಾಗುವ ರೆಟಿನೈಟಿಸ್ ಪಿಗ್ಮೆಂಟೋಸಾ ಇದ್ದವರದು ಕೊಳವೆಯೊಳಗಿಂದ ನೋಡಿದಂಥ ನೋಟ. ಇವರಿಗೆ ಅಕ್ಷರ ಹಿಗ್ಗಿಸಿದಷ್ಟೂ ಕೊಳವೆಯೊಳಗೆ ಹಿಡಿಯುವ ಅಕ್ಷರಗಳ ಸಂಖ್ಯೆ ಇಳಿಯುತ್ತದೆ. ‘ಎಲ್ಲಾ ದೊಡ್ಡದು ಮಾಡಿಕೊಟ್ಟೀವಿ, ಆದರೂ ಓದಲ್ಲ’ ಎಂಬ ದೂರು ಬರುವುದು ಸಾಮಾನ್ಯವಾಗಿ ಇಂಥ ಮನೆಗಳಿಂದ. ಇವರಿಗೆ ಮಧ್ಯಮ ಗಾತ್ರ, ಗಾಢ ವ್ಯತ್ಯಾಸದ ಬಣ್ಣ, ಕಂಪ್ಯೂಟರಿನಲ್ಲಾದರೆ ಬ್ರೌಸರ್ ಕಿಟಕಿಯನ್ನೇ ಕಿರಿದು ಮಾಡಿ ಎಡಕ್ಕೆ ನಿಲ್ಲಿಸುವುದು ಸರಿ. ಮೂರನೆಯವರು ಪೊರೆ ಬಂದವರು, ಕಾರ್ನಿಯಾ ಮಬ್ಬಾದವರು. ಇವರ ಶತ್ರು ಬೆಳಕಿನ ಝಳ. ಬಿಳಿ ಹಿನ್ನೆಲೆಯನ್ನು ಕಪ್ಪಾಗಿಸಿದರೆ ಅರ್ಧ ತೊಂದರೆ ಅಲ್ಲಿಗೇ ಕಳೆಯುತ್ತದೆ.

ಗಾತ್ರ ನಿಗದಿ ಮಾಡುವಾಗ ಒಂದು ತಪ್ಪು ಪದೇ ಪದೇ ಆಗುತ್ತದೆ. ‘ಕಾಣಸ್ತದ?’ ಎಂದು ಕೇಳಿ, ‘ಹೂಂ’ ಅಂದ ಗಾತ್ರಕ್ಕೇ ನಿಲ್ಲಿಸುತ್ತಾರೆ. ಒಂದೊಂದೇ ಅಕ್ಷರ ಗುರುತಿಸುವ ಗಾತ್ರ ಬೇರೆ, ಸಾಲು ಸರಾಗ ಓದುವ ಗಾತ್ರ ಬೇರೆ. ಎರಡನೆಯದು ಹೆಚ್ಚುಕಡಿಮೆ ಮೊದಲನೆಯದರ ಎರಡು ಪಟ್ಟು. ಒಂದು ಪ್ಯಾರಾ ಗಟ್ಟಿಯಾಗಿ ಓದಿಸಿ ನೋಡಿ ನಿರ್ಧರಿಸಿ. ಇದಕ್ಕೆ ಖರ್ಚಿಲ್ಲದ ಉಪಾಯವೂ ಇದೆ: ಫೋನನ್ನು 40 ಸೆಂಟಿಮೀಟರಿನಿಂದ 20ಕ್ಕೆ ಹತ್ತಿರ ತಂದರೆ ಅಕ್ಷರ ಕಣ್ಣಿಗೆ ತಾನಾಗಿ ಎರಡು ಪಟ್ಟಾಗುತ್ತದೆ, ಪುಟವೂ ಕತ್ತರಿಸಿ ಹೋಗುವುದಿಲ್ಲ. ಆದರೆ ವಯಸ್ಸಾದ ಕಣ್ಣಿಗೆ 20 ಸೆಂಟಿಮೀಟರಿನಲ್ಲಿ ನಿಚ್ಚಳ ಕಾಣಲು ಸುಮಾರು 5 ಡಯಾಪ್ಟರ್ ಹತ್ತಿರದ ಪವರ್ ಬೇಕು. ಮಾಮೂಲಿ ಓದುವ ಕನ್ನಡಕದಲ್ಲಿ ಅಷ್ಟು ಇರುವುದಿಲ್ಲ, ಕಣ್ಣಿನ ಡಾಕ್ಟರರ ಹತ್ತಿರ ಕೇಳಿಯೇ ಮಾಡಿಸಬೇಕು. ಇನ್ನು, ಹತ್ತಿರ ಹಿಡಿದರೆ ಇದ್ದ ಕಣ್ಣೂ ಹೋಗುತ್ತದೆ ಎಂದು ದೊಡ್ಡವರನ್ನು ಗದರಿಸುವುದಕ್ಕೆ ಆಧಾರವಿಲ್ಲ.

ಕೂರುವ ಜಾಗ

ನಮ್ಮ ಕಲಬುರಗಿ ಕಡೆ ಬೇಸಿಗೆಯಲ್ಲಿ ಇದು ಸಣ್ಣ ವಿಷಯವಲ್ಲ. ಪಾಲಿಶ್ ಮಾಡಿದ ಶಹಾಬಾದ್ ಕಲ್ಲಿನ ನೆಲ, ಎದುರಿಗೆ ತೆರೆದ ಬಾಗಿಲು, ಅದರಾಚೆ ಏಪ್ರಿಲ್ ಬಿಸಿಲು. ಬೆಳಕು ನೆಲದಿಂದ ಪುಟಿದು ಪರದೆ ಮೇಲೇ ಬೀಳುತ್ತದೆ. ಬಾಗಿಲಿಗೆ ಮುಖವೂ ಬೇಡ, ಬೆನ್ನೂ ಬೇಡ. ಬೆಳಕು ಪಕ್ಕದಿಂದ ಬರುವಂತೆ ಕೂರಬೇಕು. ಪತ್ರಾಸಿನ ಶೆಡ್ಡಿನಲ್ಲೋ ಹೊಲದಲ್ಲೋ ಕೂತು ಬಳಸುವಾಗ ಫೋನ್ ಕಾದರೆ ಅದು ತನ್ನನ್ನು ಕಾಪಾಡಿಕೊಳ್ಳಲು ಪರದೆಯ ಬೆಳಕನ್ನು ತಾನೇ ಇಳಿಸುತ್ತದೆ. ಬ್ರೈಟ್‌ನೆಸ್ ಪೂರ್ತಿ ಎಳೆದರೂ ಏರುವುದಿಲ್ಲ. ಕಣ್ಣೇ ಇನ್ನಷ್ಟು ಮಂಜಾಯಿತು ಎಂದು ಹೆದರಬೇಡಿ. ಕವರ್ ತೆಗೆದು ನೆರಳಿನಲ್ಲಿ ಹತ್ತು ನಿಮಿಷ ಇಡಿ. ಫ್ರಿಜ್ಜಿನಲ್ಲಿ ಮಾತ್ರ ಇಡಬಾರದು, ಒಳಗೆ ನೀರಾವಿ ಕೂರುತ್ತದೆ.

ಫೋನಿನ ಸೆಟ್ಟಿಂಗ್: ಈ ಕ್ರಮದಲ್ಲಿಯೇ

ಆಂಡ್ರಾಯ್ಡ್ ಫೋನಿನಲ್ಲಿ ಬೇಕಾದದ್ದೆಲ್ಲ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ಎಂಬಲ್ಲಿದೆ. ಕಂಪನಿಯಿಂದ ಕಂಪನಿಗೆ, ಮೆನುವಿನ ಭಾಷೆಯಿಂದ ಭಾಷೆಗೆ ಹೆಸರು ಸ್ವಲ್ಪ ಬದಲಾಗುತ್ತದೆ. ಕೈಕಾಲು ಚಾಚಿ ನಿಂತ ಮನುಷ್ಯನ ಚಿತ್ರ ಹುಡುಕಿ.

1. ಫಾಂಟ್ ಸೈಜ್ ಮತ್ತು ಡಿಸ್‌ಪ್ಲೇ ಸೈಜ್ ಎಂದು ಎರಡು ಬೇರೆ ಬೇರೆ ಪಟ್ಟಿಗಳಿವೆ. ಮೊದಲನೆಯದು ಅಕ್ಷರವನ್ನಷ್ಟೇ ಬೆಳೆಸುತ್ತದೆ, ಎರಡನೆಯದು ಬಟನ್, ಚಿತ್ರ ಎಲ್ಲವನ್ನೂ. ಫಾಂಟನ್ನು ಮೊದಲು ಏರಿಸಿ. ಡಿಸ್‌ಪ್ಲೇ ಸೈಜ್ ಒಂದು ಹೆಜ್ಜೆ ಸಾಕು. ಎರಡನ್ನೂ ತುದಿಗೊಯ್ದರೆ ಕೆಲವು ಆ್ಯಪ್‌ಗಳಲ್ಲಿ ‘ಮುಂದೆ’ ಎಂಬ ಬಟನ್ನೇ ಪರದೆಯಾಚೆ ಹೋಗಿ ಕೆಲಸ ನಿಂತುಬಿಡುತ್ತದೆ.

2. ಕ್ರೋಮ್ ಬ್ರೌಸರ್ ತೆರೆದು ಮೂರು ಚುಕ್ಕೆ, ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ. ಅಲ್ಲಿ ಝೂಮ್ ಪಟ್ಟಿಯನ್ನು 150ರಿಂದ ಶುರುಮಾಡಿ. ಅಲ್ಲೇ ಕೆಳಗೆ ‘ಫೋರ್ಸ್ ಎನೇಬಲ್ ಝೂಮ್’ ಎಂಬ ಚೌಕವನ್ನು ಗುರುತು ಮಾಡಿ. ಕೆಲವು ತಾಣಗಳು ಬೆರಳಿನಿಂದ ಹಿಗ್ಗಿಸದಂತೆ ತಡೆ ಹಾಕಿರುತ್ತವೆ. ಈ ಗುರುತು ಆ ತಡೆಯನ್ನು ಮೀರುತ್ತದೆ.

3. ಡಾರ್ಕ್ ಥೀಮ್ ಹಾಕಿ ಎರಡು ದಿನ, ತೆಗೆದು ಎರಡು ದಿನ ನೋಡಿ. ಝಳ ತಡೆಯದವರಿಗೆ ಅದು ವರ. ಆದರೆ ಕಪ್ಪಿನ ಮೇಲಿನ ಬಿಳಿ ಅಕ್ಷರ ಕೆಲವರಿಗೆ ಅಂಚು ಹರಡಿದಂತೆ ಕಾಣುತ್ತದೆ. ಅವರಿಗೆ ಬಿಳಿ ಹಿನ್ನೆಲೆಯೇ ಇರಲಿ, ಬ್ರೈಟ್‌ನೆಸ್ ಇಳಿಸಿ.

4. ಬೋಲ್ಡ್ ಟೆಕ್ಸ್ಟ್ ಆಯ್ಕೆಯನ್ನು ಕನ್ನಡದಲ್ಲಿ ಓದಿಸಿಯೇ ಇಟ್ಟುಕೊಳ್ಳಿ. ಇಂಗ್ಲಿಷ್ ಅಕ್ಷರ ದಪ್ಪಗಾದರೆ ಒಳ್ಳೆಯದೇ. ಕನ್ನಡದಲ್ಲಿ ‘ಪ’ಕ್ಕೂ ‘ಷ’ಕ್ಕೂ, ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಒಂದು ಸಣ್ಣ ಗೀಟು. ದಪ್ಪ ಮಾಡಿದರೆ ಆ ಗೀಟು ಅಕ್ಷರದ ಮೈಯಲ್ಲಿ ಮುಳುಗುತ್ತದೆ. ಒತ್ತಕ್ಷರಗಳಂತೂ ಮೂಲ ಅಕ್ಷರಕ್ಕಿಂತ ಚಿಕ್ಕವು. ಅದೇ ಕಾರಣಕ್ಕೆ ಇಂಗ್ಲಿಷಿಗೆ ಸಾಕಾದ ಗಾತ್ರ ಕನ್ನಡಕ್ಕೆ ಸಾಲುವುದಿಲ್ಲ, ಇನ್ನೊಂದು ಹೆಜ್ಜೆ ಬೇಕು.

5. ಮ್ಯಾಗ್ನಿಫಿಕೇಶನ್. ಇದು ಪರದೆಯ ಯಾವುದನ್ನು ಬೇಕಾದರೂ ಹಿಗ್ಗಿಸುವ ಬೂದುಗನ್ನಡಿ. ಮೂರು ಸಲ ತಟ್ಟಿ ತೆರೆಯುವ ಆಯ್ಕೆ ಇದ್ದರೂ ಅಂಚಿನಲ್ಲಿ ಕೂರುವ ಬಟನ್ ಆಯ್ಕೆಯೇ ಛಲೋ. ಮೂರು ತಟ್ಟಿನ ಆಯ್ಕೆ ಇದ್ದಾಗ, ನೀವು ಒಮ್ಮೆ ತಟ್ಟಿದರೂ ಮತ್ತೆರಡು ಬರುತ್ತವೇನೋ ಎಂದು ಫೋನ್ ಕ್ಷಣ ಕಾಯುತ್ತದೆ, ಎಲ್ಲವೂ ನಿಧಾನವಾಗುತ್ತದೆ. ಹಿಗ್ಗಿದ ಮೇಲೆ ಸರಿಸುವುದು ಎರಡು ಬೆರಳಿನಿಂದ. ಒಂದು ಬೆರಳಿನಿಂದ ಸರಿಸಿದರೆ ಕೆಳಗಿನ ಪುಟ ಓಡುತ್ತದೆ, ಕನ್ನಡಿ ಅಲ್ಲೇ ಇರುತ್ತದೆ.

ಐಫೋನ್ ಇದ್ದವರಿಗೂ ಇದೇ ಕ್ರಮ. ಅಲ್ಲಿ ಝೂಮ್ ಮೂರು ಬೆರಳಿನಿಂದ ಎರಡು ಸಲ ತಟ್ಟಿದರೆ ಬರುತ್ತದೆ. ಸ್ಪೀಕ್ ಸ್ಕ್ರೀನ್ ಚಾಲೂ ಇಟ್ಟರೆ ಎರಡು ಬೆರಳನ್ನು ಮೇಲಿನಿಂದ ಕೆಳಗೆ ಎಳೆದಾಗ ಪುಟ ಓದುತ್ತದೆ.

ಬಾಯಿಂದ ಕೇಳುವುದು

ಬೆರಳಿನಿಂದ ‘ಕಲಬುರಗಿ’ ಎಂದು ಬರೆಯಲು ಕೀಬೋರ್ಡಿನಲ್ಲಿ ಹತ್ತು ಸಲ ಹುಡುಕಬೇಕಾದವರು ಮೈಕ್ ಒತ್ತಿ ಒಂದೇ ಉಸಿರಿಗೆ ಹೇಳಿ ಮುಗಿಸಬಹುದು. ಜಿಬೋರ್ಡ್ ಕೀಬೋರ್ಡಿನ ಸೆಟ್ಟಿಂಗಿನಲ್ಲಿ ಭಾಷೆಗಳಿಗೆ ಹೋಗಿ ಕನ್ನಡ ಸೇರಿಸಿ. ಗೂಗಲ್ ಆ್ಯಪ್‌ನ ಸೆಟ್ಟಿಂಗಿನಲ್ಲಿ ವಾಯ್ಸ್ ಎಂಬಲ್ಲಿಯೂ ಕನ್ನಡ ಇರಬೇಕು. ಇವೆರಡೂ ಬೇರೆ ಬೇರೆ. ಒಂದರಲ್ಲಿ ಕನ್ನಡ, ಇನ್ನೊಂದರಲ್ಲಿ ಇಂಗ್ಲಿಷ್ ಉಳಿದರೆ ‘ತೊಗರಿ’ ಎಂದಿದ್ದು ಯಾವುದೋ ಇಂಗ್ಲಿಷ್ ಪದವಾಗಿ ಬರುತ್ತದೆ. ಮನೆಯಲ್ಲಿ ದಖನಿ ಉರ್ದು, ಮರಾಠಿ, ತೆಲುಗು ಆಡುವವರು ಆ ಭಾಷೆಯನ್ನೂ ಸೇರಿಸಿಕೊಳ್ಳಲಿ, ಆದರೆ ಒಂದು ಸಲಕ್ಕೆ ಒಂದೇ ಭಾಷೆಯಲ್ಲಿ ಕೇಳಲಿ.

ಮೈಕ್ ಒತ್ತಿದ ಮೇಲೆ ಟಣ್ ಶಬ್ದ ಬರುವ ತನಕ ತಡೆಯಿರಿ. ಬಾಯಿಂದ ಒಂದು ಗೇಣು ದೂರ ಸಾಕು. ಏರ್ ಕೂಲರಿನ ಎದುರು ಕೂತು ಹೇಳಿದರೆ ಅದರ ಗಾಳಿಯೇ ನಿಮ್ಮ ಮಾತನ್ನು ನುಂಗುತ್ತದೆ, ಒಂದು ನಿಮಿಷ ಬಂದ್ ಮಾಡಿ. ನಡುವೆ ಯೋಚಿಸುತ್ತ ನಿಲ್ಲಬೇಡಿ. ಎರಡು ಸೆಕೆಂಡ್ ಸುಮ್ಮನಾದರೆ ಮಾತು ಮುಗಿಯಿತೆಂದು ಹುಡುಕಾಟ ಓಡಿಬಿಡುತ್ತದೆ. ಏನು ಕೇಳಬೇಕೆಂದು ಮೊದಲೇ ಮನಸ್ಸಿನಲ್ಲಿ ಜೋಡಿಸಿಕೊಂಡು ಒತ್ತುವುದು ಒಳ್ಳೆಯದು.

ಇನ್ನೊಂದು ಮುಖ್ಯ ಮಾತು. ‘ಬೀದರಕ ಹೋಗೋ ಗಾಡಿ ಎಷ್ಟೊತ್ತಿಗದ’ ಎಂದು ಮನೆ ಮಾತಿನಲ್ಲಿ ಕೇಳುವುದು ತಪ್ಪಲ್ಲ. ಆದರೆ ಯಂತ್ರ ಎಡವುವುದು ಹೆಚ್ಚಾಗಿ ‘ಎಷ್ಟೊತ್ತಿಗದ’, ‘ಬರ್ಲತದ’, ‘ಹೊಂಟದ’ ಎಂಬ ಕ್ರಿಯಾಪದಗಳಲ್ಲೇ. ಹುಡುಕಾಟಕ್ಕೆ ಅವು ಬೇಕೂ ಇಲ್ಲ. ‘ಕಲಬುರಗಿ ಬೀದರ್ ರೈಲು ಸಮಯ’ ಎಂದು ಹೆಸರುಗಳನ್ನಷ್ಟೇ ಹೇಳಿ. ನಾಲ್ಕು ಪದ ಹೇಳಿದರೆ ತಪ್ಪು ಸೇರುವ ಜಾಗವೂ ನಾಲ್ಕೇ.

ಯಂತ್ರ ಏನು ಬರೆದುಕೊಂಡಿತು ಎಂದು ಒಮ್ಮೆ ನೋಡಲೇಬೇಕು. ಶಹಾಪುರ ಎಂದರೆ ಯಾದಗಿರಿ ಜಿಲ್ಲೆ, ಶಹಾಬಾದ್ ಎಂದರೆ ಕಲಬುರಗಿ ಜಿಲ್ಲೆ. ಕೊನೆಯ ಅಕ್ಷರ ನುಂಗಿ ಹೇಳಿದರೆ ಒಂದು ಇನ್ನೊಂದಾಗಿ ಹೋಗುತ್ತದೆ, ಫಲಿತಾಂಶ ಸರಿಯಿದ್ದಂತೆಯೇ ಕಾಣುತ್ತದೆ. ಬಸವಕಲ್ಯಾಣವನ್ನು ರೂಢಿಯಂತೆ ಬರೀ ‘ಕಲ್ಯಾಣ’ ಎಂದರೆ ಮುಂಬೈ ಪಕ್ಕದ ಕಲ್ಯಾಣದ ರೈಲು, ಹವಾಮಾನ ಎಲ್ಲ ಬರುತ್ತವೆ. ಪೂರ್ತಿ ಹೆಸರು ಹೇಳಿ, ಜಿಲ್ಲೆಯ ಹೆಸರನ್ನೂ ಜೋಡಿಸಿ.

ಬರೆಯುವುದೇ ಇಷ್ಟ ಎನ್ನುವವರು ಜಿಬೋರ್ಡಿನ ಪ್ರಿಫರೆನ್ಸಸ್‌ನಲ್ಲಿ ಕೀಬೋರ್ಡಿನ ಎತ್ತರವನ್ನು ಗರಿಷ್ಠಕ್ಕೆ ಏರಿಸಿ, ಥೀಮಿನಲ್ಲಿ ಪ್ರತಿ ಕೀಗೆ ಗೆರೆ ಬರುವ ಆಯ್ಕೆ ಹಾಕಿಕೊಳ್ಳಲಿ.

ಹೆಸರಿನ ಗೋಜಲು

ಕಣ್ಣು ಚೆನ್ನಾಗಿದ್ದವರು ಹತ್ತು ಫಲಿತಾಂಶ ತೆರೆದು, ಬೇಡವೆಂದು ಮುಚ್ಚಿ, ಹನ್ನೊಂದನೆಯದಕ್ಕೆ ಹೋಗಬಲ್ಲರು. ಮಂದದೃಷ್ಟಿಯವರಿಗೆ ಒಂದೊಂದು ಪುಟವೂ ಐದು ನಿಮಿಷದ ಕೆಲಸ. ಹಾಗಾಗಿ ಮೊದಲ ಏಟಿಗೇ ಸರಿಯಾದ ಪದ ಬೀಳಬೇಕು. ಕಲಬುರಗಿ, ಬೀದರ್, ಯಾದಗಿರಿ ಎಂಬ ನಮ್ಮ ಮೂರು ಜಿಲ್ಲೆಗಳಲ್ಲಿ ಇದಕ್ಕೆ ಅಡ್ಡ ಬರುವುದು ಹೆಸರುಗಳೇ.

ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿ ಆದದ್ದು 2014ರ ನವೆಂಬರ್ 1ರಂದು. ಅದಕ್ಕಿಂತ ಹಿಂದಿನ ಆದೇಶ, ಅಧಿಸೂಚನೆ, ಸುದ್ದಿ ಎಲ್ಲ ಗುಲ್ಬರ್ಗಾ ಹೆಸರಿನಲ್ಲಿವೆ. ಯಾದಗಿರಿಯ 2009ರ ಹಿಂದಿನ ಕಾಗದಗಳೂ ಗುಲ್ಬರ್ಗಾ ಜಿಲ್ಲೆಯ ಹೆಸರಿನಲ್ಲೇ ಸಿಗುವುದು. 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬುದು ಕಲ್ಯಾಣ ಕರ್ನಾಟಕವಾಯಿತು. ಸಂವಿಧಾನದ 371ಜೆ ವಿಧಿಯಡಿ ಈ ಭಾಗಕ್ಕೆ ಸಿಕ್ಕ ಮೀಸಲಾತಿಯ ಮೊದಲ ವರ್ಷಗಳ ಆದೇಶ ಬೇಕಾದವರು ಹಳೆಯ ಹೆಸರನ್ನೇ ಹಾಕಬೇಕು. ಈಶಾನ್ಯ ಸಾರಿಗೆ 2021ರಲ್ಲಿ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವಾಯಿತು. ಸುರಪುರಕ್ಕೆ ಶೋರಾಪುರ ಎಂಬ ಹಳೇ ಬರಹವಿದೆ.

ಉಲ್ಟಾ ಕೂಡ ಉಂಟು. ಊರಿನ ಹೆಸರು ಬದಲಾದರೂ ವಿಶ್ವವಿದ್ಯಾಲಯ ಗುಲ್ಬರ್ಗಾ ವಿಶ್ವವಿದ್ಯಾಲಯವಾಗಿಯೇ ಉಳಿದಿದೆ. ಕರೆಂಟ್ ಬಿಲ್ಲಿಗೆ ಹುಡುಕಬೇಕಾದದ್ದು ಜೆಸ್ಕಾಂ, ಅದರ ‘ಜಿ’ ಗುಲ್ಬರ್ಗಾದ್ದೇ. ಇನ್ನು ‘ಕಲಬುರ್ಗಿ’ ಎಂದು ಅರ್ಕಾವತ್ತು ಹಾಕಿ ಹುಡುಕಿದರೆ ಸಂಶೋಧಕ ಎಂ.ಎಂ. ಕಲಬುರ್ಗಿಯವರ ಸುದ್ದಿಗಳೂ ಬಂದು ಊರಿನ ಸುದ್ದಿಯಲ್ಲಿ ಬೆರೆಯುತ್ತವೆ.

ಎರಡೂ ಹೆಸರಿನವು ಒಟ್ಟಿಗೆ ಬೇಕಾದರೆ ನಡುವೆ ಇಂಗ್ಲಿಷಿನ ಓ ಮತ್ತು ಆರ್ ಅಕ್ಷರಗಳನ್ನು ಕ್ಯಾಪಿಟಲ್‌ನಲ್ಲಿ ಹಾಕಿ: ಗುಲ್ಬರ್ಗಾ, ಆ ಎರಡಕ್ಷರ, ಕಲಬುರಗಿ. ಸಣ್ಣಕ್ಷರದಲ್ಲಿ ಹಾಕಿದರೆ ಅದನ್ನು ಮಾಮೂಲಿ ಪದವೆಂದು ತಿಳಿಯುತ್ತದೆ. ಸರ್ಕಾರಿ ತಾಣದೊಳಗಷ್ಟೇ ಹುಡುಕಲು ಎಸ್, ಐ, ಟಿ, ಇ ಎಂದು ಬರೆದು ಕೋಲನ್ ಹಾಕಿ, ಜಾಗ ಬಿಡದೆ ತಾಣದ ವಿಳಾಸ, ಆಮೇಲೆ ಜಾಗ ಬಿಟ್ಟು ನಿಮ್ಮ ಪದ. ಮೂರೂ ಜಿಲ್ಲಾಡಳಿತದ ತಾಣಗಳ ವಿಳಾಸ ಒಂದೇ ಮಾದರಿ: ಜಿಲ್ಲೆಯ ಹೆಸರು, ಡಾಟ್ ಎನ್‌ಐಸಿ, ಡಾಟ್ ಇನ್. ಇದನ್ನು ಬಾಯಿಂದ ಹೇಳಿದರೆ ಕೋಲನ್ ಸರಿಯಾಗಿ ಕೂರುವುದಿಲ್ಲ. ಒಮ್ಮೆ ಯಾರಿಂದಲಾದರೂ ಬರೆಸಿ, ಜಿಬೋರ್ಡಿನ ಪರ್ಸನಲ್ ಡಿಕ್ಷನರಿಯಲ್ಲಿ ಎರಡಕ್ಷರದ ಶಾರ್ಟ್‌ಕಟ್ ಮಾಡಿಟ್ಟುಕೊಂಡರೆ ಮುಂದೆ ಎರಡಕ್ಷರ ಒತ್ತಿದರೆ ಸಾಕು.

ಫಲಿತಾಂಶದ ಪುಟವನ್ನು ಸೋಸುವುದು

ಗೂಗಲ್ ಪುಟದ ಮೇಲ್ಭಾಗದಲ್ಲಿ ಎಲ್ಲ, ಚಿತ್ರ, ವಿಡಿಯೊ, ಸುದ್ದಿ ಎಂಬ ಸಾಲಿದೆಯಲ್ಲ, ಅದರಲ್ಲಿ ‘ವೆಬ್’ ಎಂಬುದೊಂದು 2024ರ ಮೇ ತಿಂಗಳಿಂದ ಇದೆ. ಅಕ್ಷರ ದೊಡ್ಡದಾಗಿದ್ದರೆ ಅದು ಬಲಕ್ಕೆ ಜಾರಿ ಮರೆಯಾಗಿರುತ್ತದೆ. ಸಾಲನ್ನು ಎಡಕ್ಕೆ ಸರಿಸಿ, ಅಥವಾ ‘ಮೋರ್’ ಒತ್ತಿ. ವೆಬ್ ಒತ್ತಿದರೆ ಎಐ ಬರೆದ ಉತ್ತರ, ವಿಡಿಯೊ ಪಟ್ಟಿ, ಪ್ರಶ್ನೆಗಳ ಡಬ್ಬಿ ಎಲ್ಲ ಹೋಗಿ ಬರೀ ಕೊಂಡಿಗಳು ಉಳಿಯುತ್ತವೆ. ಮಂದದೃಷ್ಟಿಯವರಿಗೆ ಗೂಗಲ್ ಇತ್ತೀಚೆಗೆ ಕೊಟ್ಟಿದ್ದರಲ್ಲಿ ಇದಕ್ಕಿಂತ ಉಪಯೋಗದ್ದು ಇನ್ನೊಂದಿಲ್ಲ. ಆದರೆ ಹೇಳುವವರೇ ಇಲ್ಲ.

ಡಕ್‌ಡಕ್‌ಗೋ ಎಂಬ ಹುಡುಕು ತಾಣವನ್ನೂ ನೋಡಬಹುದು. ಅದರ ಸೆಟ್ಟಿಂಗಿನಲ್ಲಿ ಅಕ್ಷರದ ಗಾತ್ರ ಮತ್ತು ಬಣ್ಣ ಬದಲಿಸಬಹುದು, ಜಾಹೀರಾತನ್ನು ಪೂರ್ತಿ ಬಂದ್ ಮಾಡಬಹುದು. ಕಂಪ್ಯೂಟರಿನಲ್ಲಿ ಕೆಳಬಾಣ ಒತ್ತಿದರೆ ಒಂದೊಂದೇ ಫಲಿತಾಂಶ ಎದ್ದು ಕಾಣುತ್ತದೆ, ಎಂಟರ್ ಒತ್ತಿದರೆ ತೆರೆಯುತ್ತದೆ. ಮೌಸಿನ ಬಾಣ ಎಲ್ಲಿದೆ ಎಂದು ಹುಡುಕುವ ಪೀಡೆಯಿಲ್ಲ. ಕನ್ನಡದ ಸ್ಥಳೀಯ ಸುದ್ದಿಗೆ ಮಾತ್ರ ಗೂಗಲ್ಲೇ ವಾಸಿ.

ಮೋಸ ಹೆಚ್ಚಾಗಿ ನಡೆಯುವುದೂ ಈ ಪುಟದಲ್ಲೇ. ಬ್ಯಾಂಕಿನ, ಗ್ಯಾಸಿನ ಕಸ್ಟಮರ್ ಕೇರ್ ನಂಬರ್ ಎಂದು ಹುಡುಕಿದರೆ ಖೋಟಾ ನಂಬರ್ ಮೇಲೆ ಬಂದು ಕೂರುವುದುಂಟು. ಹಿಗ್ಗಿಸಿದ ಪರದೆಯಲ್ಲಿ ಆ ನಂಬರ್ ಬಿಟ್ಟು ಬೇರೇನೂ ಕಾಣದ ಕಾರಣ, ಕೆಳಗಿನ ನಿಜವಾದ ತಾಣ ಕಣ್ಣಿಗೇ ಬೀಳುವುದಿಲ್ಲ. ನಂಬರಿಗಾಗಿ ಹುಡುಕಲೇಬೇಡಿ. ಎಟಿಎಂ ಕಾರ್ಡಿನ ಹಿಂಬದಿ, ಪಾಸ್‌ಬುಕ್, ಗ್ಯಾಸ್ ಪುಸ್ತಕದಲ್ಲಿ ಅಚ್ಚಾದ ನಂಬರನ್ನು ಒಮ್ಮೆ ಓದಿಸಿ ಫೋನಿನಲ್ಲಿ ಸೇವ್ ಮಾಡಿ. ದುಡ್ಡು ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕೊಂಡಿ ಅಸಲಿಯೋ ಎಂದು ತಿಳಿಯಲು ಅದನ್ನು ತೆರೆಯದೆ ಒತ್ತಿ ಹಿಡಿಯಿರಿ. ವಿಳಾಸ ಕಾಣುತ್ತದೆ. ಚಿಕ್ಕದಾಗಿದ್ದರೆ ಕಾಪಿ ಮಾಡಿ ನೋಟ್ಸ್ ಆ್ಯಪ್‌ನಲ್ಲಿ ಅಂಟಿಸಿ ದೊಡ್ಡದಾಗಿ ಓದಿ. ಮೊದಲ ಒಂಟಿ ಓರೆಗೆರೆ (/) ಬರುವುದಕ್ಕೆ ಮುಂಚೆ, ಅದಕ್ಕೆ ತಾಗಿ ಕೊನೆಗೆ ಏನಿದೆ ಎಂಬುದೇ ಲೆಕ್ಕ. ಸೇವಾ ಸಿಂಧು ಅಸಲಿಯಾದರೆ ಅಲ್ಲಿ ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್ ಎಂದು ಇರುತ್ತದೆ. ಸೇವಾ ಸಿಂಧು ಎಂಬ ಪದ ಮುಂದೆ ಎಷ್ಟು ದೊಡ್ಡದಾಗಿದ್ದರೂ ಕೊನೆಗೆ ಡಾಟ್ ಕಾಮ್ ಇದ್ದರೆ ಅದು ಸರ್ಕಾರದ್ದಲ್ಲ.

ಪುಟದೊಳಗೆ ಹೋದ ಮೇಲೆ

ತೊಗರಿ ದರವನ್ನೇ ತೆಗೆದುಕೊಳ್ಳೋಣ. ರಾಜ್ಯದ ಕೃಷಿ ಮಾರಾಟ ವಾಹಿನಿ ತಾಣದಲ್ಲಿ ಮಾರುಕಟ್ಟೆ, ದಿನಾಂಕ, ಆವಕ, ಕನಿಷ್ಠ, ಗರಿಷ್ಠ, ಮಾದರಿ ದರ ಎಂದು ಉದ್ದನೆಯ ಕೋಷ್ಟಕ. ದೊಡ್ಡಕ್ಷರದಲ್ಲಿ ಇಂಥ ಕೋಷ್ಟಕ ಓದುವುದು ಒಂದು ಸಾಹಸ: ಬಲಕ್ಕೆ ಸರಿದರೆ ಊರಿನ ಹೆಸರು ಹೋಯಿತು, ಎಡಕ್ಕೆ ಬಂದರೆ ದರ ಹೋಯಿತು. ಹೀಗೆ ಮಾಡಿ. ಫೋನನ್ನು ಅಡ್ಡ ಹಿಡಿಯಿರಿ. ಕ್ರೋಮಿನ ಮೂರು ಚುಕ್ಕೆಯಲ್ಲಿ ‘ಫೈಂಡ್ ಇನ್ ಪೇಜ್’ ತೆರೆದು ಊರಿನ ಹೆಸರು ಹಾಕಿ. ಪೂರ್ತಿ ಹಾಕಬೇಡಿ, ‘ಕಲಬು’ ಎಂದಷ್ಟೇ ಹಾಕಿ. ಪುಟದಲ್ಲಿ ಕಲಬುರಗಿ ಇರಲಿ ಕಲಬುರ್ಗಿ ಇರಲಿ, ಎರಡೂ ಸಿಗುತ್ತವೆ. ಸಿಕ್ಕ ಪದ ಬಣ್ಣದಲ್ಲಿ ಹೊಳೆಯುತ್ತದೆ. ಆ ಸಾಲಿನ ಮೇಲೆ ಮಾತ್ರ ಮ್ಯಾಗ್ನಿಫಿಕೇಶನ್ ತೆರೆದು ಎರಡು ಬೆರಳಿನಿಂದ ನೇರ ಬಲಕ್ಕೆ ಸರಿಸಿ. ಬೆರಳು ಓರೆಯಾದರೆ ಪಕ್ಕದ ಊರಿನ ದರ ಓದಿಬಿಡುತ್ತೀರಿ. ಇನ್ನೊಂದು ಹುಷಾರಿ: ತೊಗರಿ ಬೇರೆ, ತೊಗರಿ ಬೇಳೆ ಬೇರೆ ಸರಕು. ದರ ಯಾಕೋ ವಿಪರೀತ ಜಾಸ್ತಿ ಕಂಡರೆ ನೀವು ಬೇಳೆಯ ಸಾಲಿನಲ್ಲಿದ್ದೀರಿ.

ಲೇಖನ, ಸುದ್ದಿಯಂಥ ಉದ್ದ ಬರಹಕ್ಕೆ ಈ ಸರ್ಕಸ್ ಬೇಡ. ಬ್ರೌಸರಿನ ರೀಡಿಂಗ್ ಮೋಡ್ ಜಾಹೀರಾತು, ಪಕ್ಕದ ಪಟ್ಟಿಗಳನ್ನು ತೆಗೆದು ಬರಹವನ್ನಷ್ಟೇ ಒಂದೇ ಅಗಲದಲ್ಲಿ ಕೊಡುತ್ತದೆ. ಕೋಷ್ಟಕ, ಅರ್ಜಿ ನಮೂನೆಗಳ ಪುಟದಲ್ಲಿ ಅದನ್ನು ಬಳಸಬೇಡಿ, ಅರ್ಧ ಮಾಯವಾಗಬಹುದು.

ಕಿವಿಯಿಂದ ಓದಲು ಆಕ್ಸೆಸಿಬಿಲಿಟಿಯಲ್ಲಿ ‘ಸೆಲೆಕ್ಟ್ ಟು ಸ್ಪೀಕ್’ ಚಾಲೂ ಮಾಡಿ. ಅಂಚಿನ ಬಟನ್ ಒತ್ತಿ, ಓದಬೇಕಾದ ಪ್ಯಾರಾ ಮುಟ್ಟಿದರೆ ಅದು ಓದುತ್ತದೆ. ಮುಟ್ಟಿದ್ದನ್ನೆಲ್ಲ ಓದಿ ಹೇಳುವ ಟಾಕ್‌ಬ್ಯಾಕ್ ಎಂಬ ಸೌಲಭ್ಯದಂತೆ ಇದು ಫೋನಿನ ನಡತೆಯನ್ನೆಲ್ಲ ಬದಲಿಸುವುದಿಲ್ಲ, ಸ್ವಲ್ಪವಾದರೂ ಕಾಣುವವರಿಗೆ ಇದೇ ಹಿತ. ಬಹಳ ಜನ ಕೈಬಿಡುವುದು ‘ಕನ್ನಡ ಬಂದಾಗ ಸುಮ್ಮನಾಗ್ತದ’ ಎಂದು. ಫೋನಿನಲ್ಲಿ ಕನ್ನಡದ ದನಿ ಇಳಿದಿರುವುದಿಲ್ಲ, ಅಷ್ಟೇ. ಟೆಕ್ಸ್ಟ್ ಟು ಸ್ಪೀಚ್ ಔಟ್‌ಪುಟ್‌ಗೆ ಹೋಗಿ ಎಂಜಿನ್ ಆಗಿ ಗೂಗಲ್ಲಿನದನ್ನು ಆರಿಸಿ, ಪಕ್ಕದ ಗಾಲಿ ಚಿತ್ರ ಒತ್ತಿ, ‘ಇನ್‌ಸ್ಟಾಲ್ ವಾಯ್ಸ್ ಡೇಟಾ’ದಲ್ಲಿ ಕನ್ನಡ ಇಳಿಸಿ. ಸ್ಯಾಮ್‌ಸಂಗ್ ಫೋನಿನಲ್ಲಿ ಅವರದೇ ಎಂಜಿನ್ ಮೊದಲೇ ಕೂತಿರುತ್ತದೆ, ಬದಲಿಸಬೇಕು. ವೇಗವನ್ನು ಮೊದಲ ವಾರ ಕಡಿಮೆ ಇಡಿ.

ದನಿ ಇದ್ದೂ ಗೊಜಗೊಜ ಓದಿದರೆ ತಪ್ಪು ಕಡತದ್ದು. ಇಲಾಖೆಗಳ ಎಷ್ಟೋ ಪಿಡಿಎಫ್‌ಗಳು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿವೆ. ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ದನಿ ಓದುವುದು ಒಳಗಿನದನ್ನು. ಪುಟದಲ್ಲಿ ಹುಡುಕಿದರೂ ಪದ ಸಿಗುವುದಿಲ್ಲ, ಗೂಗಲ್ಲಿಗೂ ಆ ಕಡತ ಕನ್ನಡದ್ದೆಂದು ಗೊತ್ತಾಗುವುದಿಲ್ಲ. ಪರೀಕ್ಷಿಸಲು ಒಂದು ಪದ ಕಾಪಿ ಮಾಡಿ ಬೇರೆಡೆ ಅಂಟಿಸಿ. ಚಿಹ್ನೆಗಳ ಕಲಸುಮೇಲೋಗರ ಬಂದರೆ ಹಳೇ ಫಾಂಟು. ಪದ ಆರಿಸಲಿಕ್ಕೇ ಆಗದಿದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ. ಎರಡಕ್ಕೂ ಮದ್ದು ಗೂಗಲ್ ಡ್ರೈವ್: ಹಳೇ ಫಾಂಟಿನ ಪುಟವಾದರೆ ಸ್ಕ್ರೀನ್‌ಶಾಟ್ ತೆಗೆದು, ಸ್ಕ್ಯಾನ್ ಆದರೆ ಹಾಗೆಯೇ, ಡ್ರೈವಿಗೆ ಏರಿಸಿ. ಕಂಪ್ಯೂಟರಿನಲ್ಲಿ ಆ ಕಡತದ ಮೇಲೆ ರೈಟ್ ಕ್ಲಿಕ್ ಮಾಡಿ, ‘ಓಪನ್ ವಿತ್’ನಲ್ಲಿ ಗೂಗಲ್ ಡಾಕ್ಸ್ ಆರಿಸಿ. ಚಿತ್ರದ ಕೆಳಗೆ ನಿಜವಾದ ಕನ್ನಡ ಅಕ್ಷರ ಬಂದಿರುತ್ತದೆ. ಕಡತ 2 ಎಂಬಿ ಒಳಗಿರಲಿ, ಪುಟ ನೆಟ್ಟಗಿರಲಿ. ಒತ್ತಕ್ಷರ, ಅಂಕಿಗಳಲ್ಲಿ ತಪ್ಪು ಬರುತ್ತದೆ. ಹಣ, ದಿನಾಂಕಗಳನ್ನು ಮೂಲದ ಜತೆ ಒಮ್ಮೆ ತಾಳೆ ನೋಡಿ.

ಕಂಪ್ಯೂಟರ್ ಇದ್ದರೆ

ಸಾಧ್ಯವಿದ್ದಲ್ಲಿ ಗಂಭೀರ ಹುಡುಕಾಟಕ್ಕೆ ಕಂಪ್ಯೂಟರೇ ಮೇಲು. ದೊಡ್ಡ ಪರದೆಯಲ್ಲಿ ಹಿಗ್ಗಿಸಿದರೂ ಪುಟ ಉಳಿಯುತ್ತದೆ. ರೆಸಲ್ಯೂಷನ್ ಇಳಿಸಿ ಅಕ್ಷರ ದೊಡ್ಡದು ಮಾಡುವ ಹಳೇ ಚಾಳಿ ಬಿಡಿ, ಅಂಚು ಮಸುಕಾಗುತ್ತದೆ. ವಿಂಡೋಸ್ 11ರ ಆಕ್ಸೆಸಿಬಿಲಿಟಿಯಲ್ಲಿ ಟೆಕ್ಸ್ಟ್ ಸೈಜ್ 225 ಪ್ರತಿಶತದ ತನಕ ಏರುತ್ತದೆ, ಮೌಸಿನ ಬಾಣವನ್ನು ದಪ್ಪ ಹಳದಿ ಮಾಡಬಹುದು. ಬ್ರೌಸರಿನಲ್ಲಿ ಕಂಟ್ರೋಲ್ ಜತೆ ಪ್ಲಸ್ ಒತ್ತಿದರೆ ಹಿಗ್ಗುತ್ತದೆ, ಕಂಟ್ರೋಲ್ ಜತೆ ಸೊನ್ನೆ ಒತ್ತಿದರೆ ಮೊದಲಿನಂತೆ. 1280 ಪಿಕ್ಸೆಲ್ ಅಗಲದ ಕಿಟಕಿಯನ್ನು 400 ಪ್ರತಿಶತ ಹಿಗ್ಗಿಸಿದರೆ ತಾಣಕ್ಕೆ ಅದು 320 ಪಿಕ್ಸೆಲ್‌ನ ಫೋನಿನಂತೆ ಕಾಣುತ್ತದೆ. ಸರಿಯಾಗಿ ಕಟ್ಟಿದ ತಾಣ ತನ್ನನ್ನು ಒಂದೇ ಕಾಲಮ್ಮಿಗೆ ಮಡಚಿಕೊಳ್ಳುತ್ತದೆ. ಅಡ್ಡಡ್ಡ ಸರಿಸುವ ಪಟ್ಟಿ ಬಂದರೆ ಆ ತಾಣ ಹಾಗೆ ಕಟ್ಟಿಲ್ಲ, 300ಕ್ಕೆ ಇಳಿಸಿ ನೋಡಿ.

ವಿಂಡೋಸ್ ಕೀ ಜತೆ ಪ್ಲಸ್ ಒತ್ತಿದರೆ ಮ್ಯಾಗ್ನಿಫೈಯರ್, ವಿಂಡೋಸ್ ಜತೆ ಎಸ್ಕೇಪ್ ಒತ್ತಿದರೆ ಬಂದ್. ಕಂಟ್ರೋಲ್, ಆಲ್ಟ್, ಐ ಮೂರೂ ಒತ್ತಿದರೆ ಅದರೊಳಗೆ ಬಣ್ಣ ತಿರುವುಮುರುವು. ಎಡ್ಜ್ ಬ್ರೌಸರಿನಲ್ಲಿ ಕಂಟ್ರೋಲ್, ಶಿಫ್ಟ್, ಯು ಒತ್ತಿದರೆ ಪುಟ ಗಟ್ಟಿಯಾಗಿ ಓದುತ್ತದೆ. ಸಪ್ನಾ, ಗಗನ್ ಎಂಬ ಕನ್ನಡದ ಎರಡು ದನಿಗಳಿವೆ, ಇಂಟರ್ನೆಟ್ ಇದ್ದರೆ ಮಾತ್ರ ಬರುತ್ತವೆ. ದೃಷ್ಟಿ ಇನ್ನೂ ಇಳಿಯುತ್ತಿದೆ ಎಂದು ಡಾಕ್ಟರ್ ಹೇಳಿದ್ದರೆ ಪರದೆಯನ್ನು ಓದಿ ಹೇಳುವ, ಉಚಿತವಾಗಿ ಸಿಗುವ ಎನ್‌ವಿಡಿಎ ಎಂಬ ತಂತ್ರಾಂಶವನ್ನು ಈಗಲೇ ಕಲಿಯುವುದು ಜಾಣತನ. ಗೂಗಲ್ ಫಲಿತಾಂಶದ ಪುಟದಲ್ಲಿ ಪ್ರತಿ ಶೀರ್ಷಿಕೆಯೂ ಮೂರನೇ ಹಂತದ ಹೆಡಿಂಗ್. ಎನ್‌ವಿಡಿಎಯಲ್ಲಿ 3 ಒತ್ತುತ್ತ ಹೋದರೆ ಫಲಿತಾಂಶದಿಂದ ಫಲಿತಾಂಶಕ್ಕೆ ನೇರ ಜಿಗಿಯಬಹುದು.

ಅಡ್ಡ ನಿಲ್ಲುವ ಎರಡು

ಒಂದು ಕ್ಯಾಪ್ಚಾ. ಓರೆಕೋರೆ ಅಕ್ಷರದ ಆ ಚಿತ್ರ ಮಂದದೃಷ್ಟಿಯವರಿಗೆ ದೊಡ್ಡ ಗೋಡೆ. ಪಕ್ಕದಲ್ಲಿ ಹೆಡ್‌ಫೋನ್ ಅಥವಾ ಸ್ಪೀಕರ್ ಚಿತ್ರವಿದ್ದರೆ ಅದನ್ನು ಒತ್ತಿ ಕೇಳಿ ಬರೆಯಬಹುದು. ಇಲ್ಲದಿದ್ದರೆ ಬ್ರೌಸರಿನ ಝೂಮ್ ಬಿಟ್ಟು ಮ್ಯಾಗ್ನಿಫಿಕೇಶನ್ನಿಂದ ಆ ಚಿತ್ರವನ್ನಷ್ಟೇ ಹಿಗ್ಗಿಸಿ. ಗುಂಡಗಿನ ಬಾಣ ಒತ್ತಿ, ಓದಲು ಬರುವಂಥದ್ದು ಬರುವ ತನಕ ಬದಲಿಸಿ. ಪಕ್ಕದವರಿಂದ ಓದಿಸಿದರೆ ಕ್ಯಾಪ್ಚಾ ಒಂದನ್ನೇ ಓದಿಸಿ, ಓಟಿಪಿಯನ್ನಲ್ಲ.

ಇನ್ನೊಂದು, ಗೊತ್ತಿಲ್ಲದೆ ಟಾಕ್‌ಬ್ಯಾಕ್ ಚಾಲೂ ಆಗುವುದು. ಎರಡೂ ವಾಲ್ಯೂಮ್ ಬಟನ್‌ಗಳನ್ನು ಮೂರು ಸೆಕೆಂಡ್ ಒತ್ತಿದರೆ ಬರುವಂತೆ ಇಟ್ಟಿದ್ದರೆ ಜೇಬಿನಲ್ಲೇ ಚಾಲೂ ಆಗಿರುತ್ತದೆ. ಫೋನ್ ಮುಟ್ಟಿದ್ದನ್ನೆಲ್ಲ ಓದುತ್ತದೆ, ಏನನ್ನೂ ತೆರೆಯುವುದಿಲ್ಲ. ‘ಫೋನ್ ಕೆಟ್ಟದ’ ಎಂದು ರಿಪೇರಿ ಅಂಗಡಿಗೆ ಹೋಗುವ ಮುನ್ನ ಅದೇ ಎರಡು ಬಟನ್‌ಗಳನ್ನು ಮತ್ತೆ ಮೂರು ಸೆಕೆಂಡ್ ಒತ್ತಿ ಹಿಡಿಯಿರಿ. ಅದಕ್ಕೂ ಹೋಗದಿದ್ದರೆ ಒಂದು ಸಲ ಮುಟ್ಟಿ ಚೌಕಟ್ಟು ಬಂದ ಮೇಲೆ ಎರಡು ಸಲ ಬೇಗ ತಟ್ಟಿದರೆ ತೆರೆಯುತ್ತದೆ, ಎರಡು ಬೆರಳಿನಿಂದ ಎಳೆದರೆ ಪುಟ ಸರಿಯುತ್ತದೆ. ಹಾಗೇ ಆಕ್ಸೆಸಿಬಿಲಿಟಿಯ ತನಕ ಹೋಗಿ ಟಾಕ್‌ಬ್ಯಾಕ್ ಬಂದ್ ಮಾಡಿ, ಅದರ ವಾಲ್ಯೂಮ್ ಶಾರ್ಟ್‌ಕಟ್ಟನ್ನೂ ತೆಗೆದುಹಾಕಿ.